ದೂರಿಲ್ಲದ ಮಾತ್ರೆ

ಅಪ್ಪಾ,

ನಾನು ಔಷಧಿ ಕಂಪನಿಗೆ ಸೇರಿ ಇವತ್ತಿಗೆ ಒಂಬತ್ತು ದಿನ. ಬಿಳಿ ಕೋಟು ಮೊಣಕಾಲಿಗೆ ಬರುತ್ತದೆ. ನೋಡಿದ್ದರೆ ನೀನು ನಕ್ಕುಬಿಡುತ್ತಿದ್ದೆ.

ಇಲ್ಲಿ ತಯಾರಾಗುವ ಪ್ರತಿ ಬ್ಯಾಚಿನ ಒಂದಿಷ್ಟು ಮಾತ್ರೆಗಳನ್ನು ತಣ್ಣನೆಯ ಕೋಣೆಯಲ್ಲಿ ವರ್ಷಗಟ್ಟಲೆ ಎತ್ತಿಡುತ್ತಾರೆ. ಯಾರಾದರೂ ದೂರು ಕೊಟ್ಟರೆ ಅವನ್ನೇ ತೆಗೆದು ಪರೀಕ್ಷಿಸುತ್ತಾರೆ. ಅವಧಿ ಮುಗಿದವನ್ನು ನಾಶಮಾಡುವ ಕೆಲಸ ಇವತ್ತು ನನ್ನ ಪಾಲಿಗೆ ಬಂತು. ಅದರಲ್ಲಿ ನಿನ್ನ ಎದೆನೋವಿನ ಮಾತ್ರೆಯಿತ್ತು, ದಿನಾ ಬೆಳಿಗ್ಗೆ ನಾನು ಕೊಡಬೇಕಾಗಿದ್ದದ್ದು. ಬ್ಯಾಚ್ ನಂಬರ್ ಕೂಡ ಅದೇ, ನನಗದು ಬಾಯಿಪಾಠ. ನಿನ್ನ ಕೊನೆಯ ಸ್ಟ್ರಿಪ್ ಮೂರು ವರ್ಷದಿಂದ ನನ್ನ ಬ್ಯಾಗಿನಲ್ಲೇ ಇದೆ.

"ಮೇಡಂ, ಇದರ ಮೇಲೆ ದೂರು ಏನಾದ್ರೂ ಬಂದಿತ್ತಾ?" ಎಂದೆ.

ನಮ್ಮ ಮೇಲಧಿಕಾರಿ ಕಡತ ತಿರುವಿದರು. "ಒಂದೂ ಇಲ್ಲಮ್ಮ, ಚಿನ್ನದಂಥ ಬ್ಯಾಚು. ಅದಕ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡೆ?"

ಯಾಕೆ? ದೂರು ಇರಲಿ ಎಂದು ಬಯಸಿದ್ದೆನೇ? ಈ ಕೆಲಸಕ್ಕೆ ಬಂದದ್ದೇ ಅದಕ್ಕೋ? ನನಗೇ ತಿಳಿಯುತ್ತಿಲ್ಲ.

ಎಲ್ಲವನ್ನೂ ಪುಡಿಮಾಡುವ ಯಂತ್ರಕ್ಕೆ ಸುರಿದು ಸಹಿ ಹಾಕಿದೆ. ಬ್ಯಾಗಿನಲ್ಲಿದ್ದದ್ದನ್ನು ಮಾತ್ರ ಹಾಕಲು ಕೈ ಬರಲಿಲ್ಲ.

ನೀನು ಹೋದ ದಿನಕ್ಕೆ ಆ ಸ್ಟ್ರಿಪ್ ಖಾಲಿಯಾಗಿರಬೇಕಿತ್ತಪ್ಪ. ಇನ್ನೂ ಮೂರು ಮಾತ್ರೆಗಳಿವೆ.