ಕಂಪ್ರೆಸರಿನ ತಲೆಗೆ ಕರಿ ಬಣ್ಣ

ಜೇವರ್ಗಿ
೨೩ ಸೆಪ್ಟೆಂಬರ್ ೨೦೨೫

ಪ್ರಿಯ ಜಗದೇವ ಅವರೇ,

ಹೇಗಿದ್ದೀರಿ? ಬೋರ್‌ವೆಲ್ ಗಾಡಿಯ ಧೂಳಿಗೆ ಕೆಮ್ಮು ಹೆಚ್ಚಾಗಿದೆಯೆಂದು ಕೇಳಿದೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಉದಗೀರದ ನೀರು ಒಗ್ಗಿತೇ? ಅತ್ತೆಯವರ ಮಂಡಿನೋವು ಇದ್ದಂತೆಯೇ ಇದೆ. ಬಾಯಿ ಮಾತ್ರ ಇನ್ನಷ್ಟು ಗಟ್ಟಿಯಾಗಿದೆ. ಫೋನಿನಲ್ಲಿ ಹೇಳಿದರೆ ನೀವು ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದಕ್ಕೆ ಹಾಗೆನ್ನಲಾಗದು, ಓದಲೇಬೇಕು.

ವಿಷಯ ನಮ್ಮ ಪಂಕ್ಚರ್ ಅಂಗಡಿಯ ಹಳೆಯ ಕಂಪ್ರೆಸರಿನದು. ದಸರೆಯ ಖಂಡೇಪೂಜೆಯೊಳಗೆ ಅದನ್ನು ಹೊಸದು ಮಾಡಬೇಕೆಂದು ನಿಮ್ಮ ಅಣ್ಣ ಭಗವಂತ ಅವರು ಹಟ ಹಿಡಿದರು. ಹೊಸದು ಮಾಡುವುದೆಂದರೆ ಅವರ ಮಟ್ಟಿಗೆ ಬಣ್ಣ ಬಳಿಯುವುದು. ನಾನು ಕಲಬುರಗಿಯ ಅಂಗಡಿಯಲ್ಲಿ ನಿಂತು, ಡಬ್ಬಿಗಳ ಹಿಂದಿನ ಸಣ್ಣ ಅಕ್ಷರಗಳನ್ನು ಕವಿತೆ ಓದುವಷ್ಟೇ ನಿಧಾನವಾಗಿ ಓದಿದೆ. ಟ್ಯಾಂಕಿಗೆ ಸಾದಾ ಬಣ್ಣ ನಡೆಯುತ್ತದೆ. ಸುಡುವುದು ಮೇಲಿನ ಸಿಲಿಂಡರಿನ ತಲೆ ಮತ್ತು ಗಾಳಿ ಹೊರಡುವ ಕೊಳವೆ. ಅವಕ್ಕೆ ಶಾಖ ತಡೆಯುವ ಬಣ್ಣವೇ ಬೇಕು. ಅಲ್ಲಿದ್ದ ಬೆಳ್ಳಿ ಬಣ್ಣದ್ದು ಇನ್ನೂರು ಡಿಗ್ರಿಗೇ ಕೈಚೆಲ್ಲುತ್ತದೆ. ಕರಿಯದು ಆರುನೂರು ತಾಳುತ್ತದೆ. ಕರಿಯದನ್ನೇ ತಂದೆ.

ನಿಮ್ಮ ಅಣ್ಣ ಡಬ್ಬಿಯನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಎತ್ತಿದರು. "ಹಬ್ಬದಾಗ ಯಾರರ ಕರಿ ಬಳೀತಾರೇನ ಬೇ? ಎಂ.ಎ. ಓದಿ ಇಷ್ಟ ಕಲ್ತಿ?" ಅತ್ತೆ ಕೂತಲ್ಲಿಂದಲೇ, "ಮಷಿನ್ ಏನ್ ಮದಿವಿ ಆಗಾಕತ್ತೈತೇನ್ಲೇ ಭಗ್ಯಾ?" ಎಂದರು. ನಕ್ಕವರು ನಾವಿಬ್ಬರೇ. ಮರುದಿನ ನಾನು ಕಾಲೇಜಿಗೆ ಪಾಠ ಹೇಳಲು ಹೋದಾಗ ಅವರು ತುಕ್ಕು ಉಜ್ಜದೆ, ಎಣ್ಣೆ ಒರೆಸದೆ, ಇಡೀ ಯಂತ್ರಕ್ಕೆ ಕೆಂಪು ಎನಾಮಲ್ ಮೆತ್ತಿದರು. ನಾನು ಮರಳುವ ಹೊತ್ತಿಗೆ ಅದು ಚಾಲೂ ಆಗಿತ್ತು. ತಲೆಯ ಮೇಲೆ ಬೊಬ್ಬೆಗಳೆದ್ದು ಹೊಗೆಯಾಡುತ್ತಿತ್ತು. "ಹೊಸ ಬಣ್ಣದ ವಾಸ್ನಿ, ಹೋಗ್ತೈತಿ," ಎಂದು ಅದರ ಮುಂದೆ ಊದಿನಕಡ್ಡಿ ಹಚ್ಚಿದರು!

ಇದನ್ನಾದರೂ ಸಹಿಸಬಹುದಿತ್ತು. ಮೂರ್ಖತನದಲ್ಲೂ ಒಂದು ಮುಗ್ಧತೆ ಇರುತ್ತದೆಂದು ನಾನು ನಂಬಿದ್ದ ಕಾಲವಿತ್ತು. ಆದರೆ ಗಾಳಿ ಹೆಚ್ಚಾದರೆ ತಾನೇ ಹೊರಬಿಟ್ಟು ಟ್ಯಾಂಕು ಸಿಡಿಯದಂತೆ ಕಾಯುವ ಸೇಫ್ಟಿ ವಾಲ್ವ್ ಇದೆಯಲ್ಲ, ಅದನ್ನೂ ಬಣ್ಣದಲ್ಲಿ ಮುಳುಗಿಸಿದ್ದರು. ಅದರ ಉಂಗುರ ಎಳೆದೆ, ಕದಲಲಿಲ್ಲ. ಟ್ಯಾಂಕು ತುಂಬಿದಾಗ ಯಂತ್ರ ತಾನಾಗಿ ನಿಲ್ಲುವ ವ್ಯವಸ್ಥೆ ಎಂದೋ ಕೆಟ್ಟಿರುವುದು ನಿಮಗೆ ಗೊತ್ತು. ಗಾಳಿಯ ಒತ್ತಡ ತೋರಿಸುವ ಮುಳ್ಳು ಅಪಾಯದ ಗೆರೆ ದಾಟಿತ್ತು. ಅತ್ತೆ ಆ ಟ್ಯಾಂಕಿನ ಪಕ್ಕದಲ್ಲೇ ಕೂತು ಪುಂಡಿಪಲ್ಯದ ಸೊಪ್ಪು ಬಿಡಿಸಿ ಸೋಸುತ್ತಿದ್ದರು. ಸ್ವಿಚ್ಚು ಆರಿಸಿ ಅವರನ್ನು ಹೊರಗೆ ಎಳೆದೊಯ್ದೆ. ನಿಮ್ಮ ಅಣ್ಣನ ತೀರ್ಪು: "ಹೆಣ್ಮಕ್ಳು ಹೆದರ್ತಾವ, ಅದಕ್ಕ ಮಷಿನ್ ಮುಟ್ಟಬಾರ್ದು."

ಕೋಣೆಯಷ್ಟು ದೊಡ್ಡ ಕಂಪ್ರೆಸರಿನ ಪಕ್ಕ ದುಡಿಯುವ ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ತಿಳಿದಿದೆ. ಆದರೂ ನಿಮ್ಮ ಅಣ್ಣ ನಿಮಗೆ ಫೋನ್ ಹಚ್ಚಿದಾಗ ನೀವು ಅಂದದ್ದು ಸ್ಪೀಕರಿನಲ್ಲಿ ಇಡೀ ಅಂಗಡಿಗೆ ಕೇಳಿಸಿತು: "ಅಣ್ಣ ಹೇಳ್ದಂಗ ಆಗ್ಲಿ." ಅವರದು ಅಜ್ಞಾನ. ನಿಮ್ಮದಕ್ಕೆ ಸರಿಯಾದ ಪದವನ್ನು ಮದುವೆಯಾದಂದಿನಿಂದ ಹುಡುಕುತ್ತಿದ್ದೇನೆ.

ಅತ್ತೆಯವರ ಆಶೀರ್ವಾದ ಎಂದಿನಂತೆ ನಿಮ್ಮ ಮೇಲಿದೆ. ನನ್ನ ಕಡೆಯಿಂದ, ಕೆಮ್ಮಿನ ಔಷಧ ತಪ್ಪಿಸಬೇಡಿ ಎಂಬುದಷ್ಟೇ.

ಮಹಾನಂದಾ

ತಾ.ಕ.: ಮುಖ್ಯ ಮಾತೇ ಉಳಿಯಿತು. ಕೆಂಪನ್ನೆಲ್ಲ ಕೆರೆಸಿದ್ದೇನೆ, ಹೊಸ ವಾಲ್ವ್ ಕೂತಿದೆ, ತಲೆಗೆ ಕರಿ ಬಣ್ಣ ತೆಳ್ಳಗೆ ಹೊಡೆದಾಗಿದೆ. ಅಂಗಡಿಯ ಕೀಲಿ ನನ್ನ ಬಳಿಯಿದೆ. ಅದನ್ನು ಕೊಡಿಸೆಂದು ನಿಮ್ಮ ಅಣ್ಣ ಭಾನುವಾರ ಮತ್ತೆ ಫೋನ್ ಮಾಡುತ್ತಾರೆ. ಕೀಲಿ ಮಹಾನಂದಾಳ ಹತ್ತಿರವೇ ಇರಲಿ ಎಂದು ಎಲ್ಲರಿಗೂ ಕೇಳಿಸುವಂತೆ ಹೇಳಿ. ನಾಲಿಗೆ ಏಳದಿದ್ದರೆ ಅಂಗಡಿಯ ಬೋರ್ಡಿನ ಮೇಲಿನ ನಿಮ್ಮ ಹೆಸರು ಅಳಿಸಿ ನನ್ನದು ಬರೆಸುತ್ತೇನೆ. ಪೇಂಟರ್ ಅಜರುದ್ದೀನ ಭಾನುವಾರ ಸಂಜೆಯವರೆಗೆ ಕಾಯಲು ಒಪ್ಪಿದ್ದಾನೆ.