ಬ್ರೆನ್ನರ್ ಅಜ್ಜನ ನಳಿಗೆ

ಅಬ್‌ಸ್ಟಾಟ್, ಜರ್ಮನಿ
12 ಅಕ್ಟೋಬರ್ 2025, ರವಿವಾರ

ಪ್ರೀತಿಯ ನೀಲಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ ಇಲ್ಲವೋ? ಪವಿಯ ಕೆಮ್ಮು ಕಡಿಮೆಯಾಯಿತೇ? ತಣ್ಣೀರು ಕೊಡಬೇಡ. ಮಾವನವರು ಬೈಕು ಸಾವಕಾಶ ಓಡಿಸಲಿ. ನಾನು ಆರಾಮ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಬೇಕೆಂದದ್ದೆಲ್ಲ ಮರೆತುಹೋಗುತ್ತದೆ, ಅದಕ್ಕೇ ಈ ಕಾಗದ. ಆರನೇ ಇಯತ್ತೆಗೆ ಶಾಲೆ ಬಿಟ್ಟವನ ಅಕ್ಷರ, ತಿದ್ದಿ ಓದಿಕೋ.

ಬಂದೂಕಿನ ಅಂಗಡಿಯಲ್ಲಿದ್ದೇನೆಂದು ಅಂಜಬೇಡ. ಇಲ್ಲಿ ಬೇಟೆಗೆ ಸರಕಾರದ ಪರವಾನಗಿ ಇರುತ್ತದೆ. ಕಿವಿ ಕೆಡಬಾರದೆಂದು ನಳಿಗೆಯ ತುದಿಗೆ ಸದ್ದು ತಗ್ಗಿಸುವ ಸೈಲೆನ್ಸರ್ ತಿರುಗಿಸಿ ಕೂರಿಸುತ್ತಾರೆ. ಆ ತುದಿಗೆ ಲೇತಿನಲ್ಲಿ ಥ್ರೆಡ್, ಅಂದರೆ ತಿರುಪಿನ ಹಲ್ಲು, ಹಾಕುವುದು ನನ್ನ ಕೆಲಸ. ಬೆಳಗಾವಿಯಲ್ಲಿ ಪಂಪಿನ ಶಾಫ್ಟ್ ಮಾಡಿದ ಕೈ ಇದು, ಹೊರಮೈ ನೋಡಿ ಲೇತಿಗೆ ಹಿಡಿದೇ ರೂಢಿ. ನಳಿಗೆ ಹಾಗಲ್ಲ ಅಕ್ಕಾ. ಒಳಗಿನ ತೂತು ಹೊರಮೈಯ ನಟ್ಟನಡುವೆ ಇರುತ್ತದೆಂಬ ಖಾತ್ರಿಯಿಲ್ಲ. ತೂತನ್ನೇ ನಡುವೆಂದು ನಂಬಿ ಹಿಡಿಯಬೇಕು. ಇಲ್ಲವಾದರೆ ಸೈಲೆನ್ಸರ್ ಕೂದಲೆಳೆಯಷ್ಟು ಓರೆಯಾಗಿ ಗುಂಡು ಅದರ ಒಳಗೋಡೆಗೆ ಬಡಿಯುತ್ತದೆ.

ಬ್ರೆನ್ನರ್ ಎಂಬ ಅಜ್ಜನ ರೈಫಲ್ಲಿನ ಕೆಲಸ ಮೊನ್ನೆ ಮುಗಿದು ಅವರ ಮನೆಗೆ ಹೋಯಿತು. ಈ ಊರಲ್ಲಿ ನನ್ನನ್ನು ಹೆಸರು ಹಿಡಿದು ಕರೆದು, ಚಲೋ ಇದ್ದೀಯಾ ಎಂದು ಕೇಳುವವರು ಅವರೊಬ್ಬರೇ. ರೈಫಲ್ ಹೋದ ಮೇಲೆ ತಲೆಗೆ ಹುಳ ಹೊಕ್ಕಿತು. ಹೊರಮೈ ಹಿಡಿದೆನೋ, ತೂತು ಹಿಡಿದೆನೋ? ಅವರಿಗೇನಾದರೂ ಆದರೆ? ಮಾಲಕರು, "ನಾನೇ ನೋಡೀನಿ, ಸುಮ್ಮನಿರು" ಎಂಬಂತೆ ಅಂದು ನಕ್ಕರು. ನನಗೆ ಅನ್ನ ಸೇರಲಿಲ್ಲ.

ನಿನ್ನೆ ನಳಿಗೆಯೊಳಗೆ ಬಿಟ್ಟು ನೋಡುವ ತಪಾಸಣೆಯ ಸರಳು ಹಿಡಿದು ಬಸ್ಸು ಹತ್ತಿ ಅವರ ಮನೆಗೇ ಹೋದೆ. ಇಲ್ಲಿ ಟೆರ್ಮಿನ್ ಇಲ್ಲದೆ, ಅಂದರೆ ಮೊದಲೇ ಹೊತ್ತು ಗೊತ್ತು ಮಾಡಿಕೊಳ್ಳದೆ, ಯಾರ ಬಾಗಿಲಿಗೂ ಹೋಗುವಂತಿಲ್ಲ. ಸರಳು ಹಿಡಿದು ನಿಂತವನನ್ನು ಕಂಡು ಅಜ್ಜಿ ಬಾಗಿಲು ಅರ್ಧ ಮುಚ್ಚಿದರು. ತಪಾಸಣೆ ಆಗುವ ತನಕ ಆ ರೈಫಲ್ಲಿನಿಂದ ಎನ್ನಲು ಬಾರದೆ, ಹರಕು ಜರ್ಮನ್‌ನಲ್ಲಿ "ದಯವಿಟ್ಟು ಗುಂಡು ಹಾರಿಸಬೇಡಿ" ಎಂದೆ. ಅಜ್ಜ ಹೊರಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿನಗ್ಯಾಕ ಹೊಡೀಲೋ ತಮ್ಮಾ" ಎಂಬ ಅರ್ಥದ ಮಾತೇನೋ ಆಡಿದರು.

ಅವರೇ ಕಪಾಟು ತೆರೆದು, ರೈಫಲ್ ಖಾಲಿಯಿದೆಯೆಂದು ತೋರಿಸಿ ಹಿಡಿದುಕೊಂಡರು. ಒಳಗೆ ಬಿಟ್ಟ ಸರಳು ಎಲ್ಲೂ ತಾಗದೆ ಸೈಲೆನ್ಸರ್‌ನ ಬಾಯಿಯ ನಟ್ಟನಡುವೆ ಹೊರಬಂತು. ನನಗೆ ಕಣ್ಣೀರು ಬಂತು. ಅಜ್ಜಿ ಕುರ್ಚಿ ಎಳೆದು ಕಾಫಿ ಕೊಟ್ಟರು. ಈ ದೇಶದಲ್ಲಿ ಒಬ್ಬರ ಮನೆಯಲ್ಲಿ ಕೂತದ್ದು ಇದೇ ಮೊದಲು. ಮುಗಿಸಿದರೆ ಏಳಬೇಕಾಗುತ್ತದಲ್ಲ ಎಂದು ಆರಿದ ಕಾಫಿಯನ್ನೇ ಗುಟುಕರಿಸುತ್ತ ಕೂತೆ.

ಮಾವನವರಿಗೆ ಶರಣು ತಿಳಿಸು, ಪವಿಗೆ ಮುದ್ದು. ಗ್ಯಾಸು ಆರಿಸಿದ್ದೀಯೋ ಇಲ್ಲವೋ ಎದ್ದು ನೋಡು.

ನಿನ್ನ ತಮ್ಮ,
ಪ್ರವೀಣಕುಮಾರ

ತಾ.ಕ.: ಮುಂದಿನ ರವಿವಾರ ಊಟಕ್ಕೆ ಕರೆದಿದ್ದಾರೆ. ಆ ರೈಫಲ್ಲಿನ ಮೊದಲ ಬೇಟೆಯ ಅಡಿಗೆಯಂತೆ, ಥ್ರೆಡ್ ಹಾಕಿದವನಿಗೇ ಮೊದಲ ತುಂಡಂತೆ. ಖುಷಿಯಲ್ಲಿ "ಯಾ, ಯಾ" ಎಂದು ಒಪ್ಪಿಬಿಟ್ಟೆ. ಕೊರಳಲ್ಲಿ ಲಿಂಗವಿದೆ, ತಿನ್ನಲಾರೆ. ತಿನ್ನುವುದಿಲ್ಲವೆಂದರೆ ಮತ್ತೆ ಕರೆಯುತ್ತಾರೋ ಇಲ್ಲವೋ. ಕಾಗದ ಅಷ್ಟರಲ್ಲಿ ಮುಟ್ಟದು, ಇದರ ಫೋಟೊ ಮಾವನವರ ಫೋನಿಗೆ ಹಾಕುತ್ತೇನೆ. ಬರೀ ಬ್ರೆಡ್ಡು, ಆಲೂಗಡ್ಡೆ ತಿಂದು ಬರುತ್ತೇನೆ ಅಕ್ಕಾ. ಆ ಮೇಜಿಗೆ ಕೂಡಬೇಡ ಎಂದು ಮಾತ್ರ ಅನ್ನಬೇಡ.