ಹದಿನಾಲ್ಕನೆಯ ಮೆಟ್ಟಿಲು

ಭಾನುವಾರ, ಬೆಳಿಗ್ಗೆ

ನನ್ನ ಪ್ರೀತಿಯ ಅಮ್ಮ,

ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈ.

ನಾನು ಮರಗೆಲಸಕ್ಕೆ ಬಂದಿರುವ ಪರಂಗಿ ದೊರೆಯ ಬಂಗಲೆ ವಾಚನಾಲಯವಾಗುತ್ತಿದೆಯಲ್ಲ, ಅದರ ಮೆಟ್ಟಿಲು ನಿನ್ನ ಅಜ್ಜ ಮಾಡಿದ್ದು ಎಂದು ಕೇಳಿದ್ದೇ ತಡ, ಉಸ್ತುವಾರಿಯ ಮೇಡಂ ಕುರ್ಚಿ ಎಳೆದುಕೊಂಡು ಕೂತರು. ನೀನು ಹೇಳುತ್ತಿದ್ದುದನ್ನೇ ಹೇಳಿದೆ: ಆಳುಗಳನ್ನು ಒದೆಯುತ್ತಿದ್ದ ದೊರೆ ಎಡವಿ ಬೀಳಲಿ ಎಂದು ಮುತ್ತಾತ ಹದಿನಾಲ್ಕನೆಯ ಮೆಟ್ಟಿಲನ್ನು ಬೇಕೆಂದೇ ಅರ್ಧ ಬೆರಳು ಎತ್ತರ ಮಾಡಿದ. ಬಾಗಿಲ ಬಳಿಯ ಇತಿಹಾಸದ ಫಲಕದಲ್ಲಿ ಹಾಗೇ ಬರೆಸುತ್ತೇನೆ ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗುರುವಾರ ಗೆದ್ದಲು ನೋಡಲು ಆ ಮೆಟ್ಟಿಲಿನ ಹಲಗೆ ಎಬ್ಬಿಸಿದೆ. ಅಡಿಯಲ್ಲಿ ಸೀಸದ ಕಡ್ಡಿಯಿಂದ ಬರೆದ ಅಳತೆ. ಹೊಡೆದುಹಾಕಿ ಮತ್ತೆ ಅಳತೆ. ಎತ್ತರ ತಗ್ಗಿಸಲು ಮರ ತಡೆಯುವಷ್ಟೂ ಕೀಸಿದ ಗುರುತು. ಕೆಳಗೆ, 'ಅಳತೆ ತಪ್ಪಿದವನು ನಾನೇ.' ಪಕ್ಕದಲ್ಲಿ ನಮ್ಮ ಮನೆಯ ಉಳಿಗಳ ಮೇಲಿರುವ ಅದೇ ಮೀನಿನ ಗುರುತು. ಒಳ್ಳೆಯ ಕೆಲಸದ ಅಡಿಯಲ್ಲಿ ಗುರುತು ಹಾಕುವುದು ಬಡಗಿಗಳ ರೂಢಿ. ಉಳಿದ ಇಪ್ಪತ್ತೊಂದು ಹಲಗೆಯನ್ನೂ ಎಬ್ಬಿಸಿದೆ. ಒಂದರಲ್ಲೂ ಮೀನಿಲ್ಲ, ತಪ್ಪಿದ್ದರಲ್ಲಿ ಮಾತ್ರ.

ಮೇಸ್ತ್ರಿ ನಕ್ಕರು. "ಮುಚ್ಚಿಬಿಡು ತಾಯಿ. ಸತ್ತೋರು ಎದ್ದು ಬಂದು ಸಾಕ್ಷಿ ಹೇಳ್ತಾರಾ?" ಎಂದರು. "ಹೇಳೇಬಿಟ್ಟಿದಾನಲ್ಲ ಮೇಸ್ತ್ರಿ," ಎಂದು ಹಲಗೆ ಹೊತ್ತು ಮೇಡಂ ಹತ್ತಿರ ಹೋದೆ.

ಅವರ ಮುಖ ಸಪ್ಪಗಾಯಿತು. ದೊರೆಗೆ ಸಡ್ಡು ಹೊಡೆದ ವೀರ ಫಲಕದಿಂದ ಇಳಿದುಹೋದ. ಹಾಗಾದರೆ ಮೆಟ್ಟಿಲು ಸರಿಮಾಡಿಬಿಡು ಎಂದರು. ಕೆಲಸ ಬೇಕಾದರೆ ಬಿಡುತ್ತೇನೆ, ಅದನ್ನು ಮಾತ್ರ ಮುಟ್ಟುವುದಿಲ್ಲ ಎಂದೆ.

ಕೊನೆಗೆ ಮೇಡಂ ಒಪ್ಪಿ, ನಿನ್ನೆ ಅದರ ಎದುರಿನ ಗೋಡೆಗೆ ಪುಟ್ಟ ಫಲಕ ಹಾಕಿಸಿದರು: 'ಈ ಮೆಟ್ಟಿಲು ಉಳಿದವಕ್ಕಿಂತ ಅರ್ಧ ಬೆರಳು ಎತ್ತರ. ಮಾಡಿದ ಬಡಗಿಯೇ ಒಪ್ಪಿಕೊಂಡಿದ್ದಾರೆ. ನೋಡಿ ನಡೆಯಿರಿ.' ದೊರೆಯ ಹೆಸರು ಹೆಬ್ಬಾಗಿಲ ಕಲ್ಲಿನಲ್ಲಿದೆ, ಯಾರೂ ತಲೆಯೆತ್ತುವುದಿಲ್ಲ. ಮುತ್ತಾತನನ್ನು ಓದದೆ ಯಾರೂ ಮೇಲೆ ಹತ್ತಲಾರರು.

ದೊರೆಗೆ ಕಾಣದ ಕಡೆ ಬರೆದ ಎನ್ನುವುದೂ ನಿಜ, ಹೊಟ್ಟೆಪಾಡು. ಆದರೆ ಮುಂದೆ ಹಲಗೆ ಎಬ್ಬಿಸುವ ಬಡಗಿಗೆ ಸುಳ್ಳು ಹೇಳಲಿಲ್ಲ. ನೆಂಟರ ಮುಂದೆ ನಿನಗೆ ವೀರ ಬೇಕಿತ್ತು. ನನಗೆ ಇವನೇ ಸಾಕು ಅಮ್ಮ, ಎದೆ ತುಂಬಿ ಹೋಗಿದೆ.

ಇಂತು,
ಕೂತಲ್ಲಿ ಕೂರದ ನಿನ್ನ ಮಗಳು

ತಾ.ಕ.: ಲೆಕ್ಕದ ಮೇಷ್ಟ್ರು ಅವಮಾನ ಮಾಡಿದರೆಂದು ಶಾಲೆ ಬಿಟ್ಟೆ ಎಂದಿದ್ದೆನಲ್ಲ, ಅದು ಸುಳ್ಳು. ಅವರು ಎರಡು ಸಲ ವಾಪಸ್ ಕರೆದಿದ್ದರು. ಐದು ವರ್ಷದಿಂದ ಅವರಿಗೆ ಶಾಪ ಹಾಕುತ್ತಿದ್ದೀಯ, ನಿಲ್ಲಿಸು. ಅಳತೆ ತಪ್ಪಿದವಳು ನಾನೇ.